ಮರೆವು ಅವರ ತಪ್ಪಲ್ಲ
(ರಜತ ಮಹೋತ್ಸವದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರದ ಮಾತು ಎಲ್ಲರೂ ಆಡಿದರು. ನಾವು ಬೇರೊಂದು ಮಾತು ಹೇಳ್ತೀವಿ.

ಸ್ತನ ಕ್ಯಾನ್ಸರ್‌ಗೆ ದಾವಣಗೆರೆಯಲ್ಲೋ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲಿ ಇದ್ದಾರೆ. ಗಡ್ಡೆ ಹೋಯಿತು, ಉದುರಿದ ಕೂದಲು ಬಂತು. ಆದರೆ ಒಲೆ ಮೇಲೆ ಹಾಲಿಟ್ಟದ್ದು ಮರೆಯುತ್ತದೆ, ಗುರುತಿನವರ ಹೆಸರು ಬಾಯಿಗೆ ಬರೋದಿಲ್ಲ, ಕೂಲಿ ಲೆಕ್ಕ ನಡುವೆಯೇ ತಪ್ಪುತ್ತದೆ. ಮನೆಯವರು ‘ಅರಳು ಮರಳು’ ಅಂತಾರೆ. ಅವರು ಹೆದರಿ ಬಾಯಿ ಬಿಡೋದಿಲ್ಲ.

ಇದು ಸೋಮಾರಿತನವೂ ಅಲ್ಲ, ಹುಚ್ಚೂ ಅಲ್ಲ. ಕೀಮೋಥೆರಪಿ, ಹಾರ್ಮೋನ್ ಮಾತ್ರೆ, ರಕ್ತಹೀನತೆ, ನಿದ್ದೆಗೇಡು, ಚಿಂತೆ ಇವುಗಳಿಂದ ಹೀಗಾಗಬಹುದು ಅಂತ ವೈದ್ಯರು ಹೇಳ್ತಾರೆ. ಬಹಳ ಜನಕ್ಕೆ ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ನಾಚದೆ ಡಾಕ್ಟರಿಗೆ ಹೇಳಬೇಕು, ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆಯನ್ನು ತಾವಾಗಿ ಬಿಡಬಾರದು. ನಿತ್ಯ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಒಂದು ಸಲಕ್ಕೆ ಒಂದೇ ಕೆಲಸ, ಕ್ಯಾಲೆಂಡರಿನಲ್ಲಿ ಗುರುತು, ಇವೆಲ್ಲ ಅನುಕೂಲ.

ಸಂಘದವರಾದ ನಾವೇನು ಮಾಡಬೇಕು? ಕಂತಿನ ತಾರೀಖನ್ನು ಚೀಟಿಯಲ್ಲಿ ಬರೆದು ಕೊಡೋಣ. ರುಜು ಮಾಡಿಸೋ ಮುಂಚೆ ಓದಿ ಹೇಳೋಣ. ಎರಡು ಸಲ ಕೇಳಿದರೆ ಎರಡು ಸಲ ಹೇಳೋಣ. ಮರೆವಿನ ನೆಪದಲ್ಲಿ ಅವರ ಪಾಸ್‌ಬುಕ್ಕು, ಷೇರು ಬೇರೆಯವರ ಕೈಗೆ ಹೋಗಬಾರದು. ಭದ್ರಾ ನಾಲೆ ನೀರು ಕೊನೇ ಗದ್ದೆಗೆ ತಡವಾಗಿ ಬರುತ್ತದೆ ಅಂತ ಆ ಗದ್ದೆ ಬೀಳು ಬಿಡ್ತೀವಾ? ಕಾಯ್ತೀವಿ. ಹಾಗೇ ಇವರಿಗೂ ಕಾಯೋಣ.

ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ.