ಫೋನು, ಹೆಬ್ಬೆಟ್ಟು ಮತ್ತು ನಮ್ಮ ಕೂಲಿ ಹಣ



ದೂರದೂರಿನಲ್ಲಿ ದುಡಿಯುವ ಮಗನ ಮನಿಯಾರ್ಡರಿಗಾಗಿ ನಾವು ಅಂಚೆಯವನ ದಾರಿ ಕಾಯುತ್ತಿದ್ದ ಕಾಲವೊಂದಿತ್ತು. 2016ರಲ್ಲಿ ಯುಪಿಐ ಬಂದಿತು. ಈಗ ಅದೇ ಹಣ ಜೀರಹಳ್ಳಿಯಲ್ಲಿ ಕುಳಿತವರ ಖಾತೆಗೆ ಕ್ಷಣದಲ್ಲಿ ಸೇರುತ್ತದೆ, ಸಿಗ್ನಲ್ ಇದ್ದರೆ! ತಾಳವಾಡಿಗೆ ಹೋಗಿಬರುವ ಬಸ್ ಚಾರ್ಜೂ ಆ ದಿನದ ಕೂಲಿಯೂ ಉಳಿಯುತ್ತವೆ. ಇದು ಸಣ್ಣ ಉಪಕಾರವಲ್ಲ.

ಆದರೆ ಬೆರಳಿನ ಕಷ್ಟ ಬೇರೆಯೇ. ತಮಿಳುನಾಡಿನ ರೇಷನ್ ಅಂಗಡಿಗಳಿಗೆ 2020ರಲ್ಲಿ ಬೆರಳಚ್ಚಿನ ಯಂತ್ರ ಬಂತು. ಕಾಫಿ ಹಣ್ಣು ಬಿಡಿಸಿ, ಕಳೆ ಕಿತ್ತು, ಮಚ್ಚು ಹಿಡಿದು ಸವೆದ ಬೆರಳನ್ನು ಅದು ಎಷ್ಟೋ ಸಲ ಗುರುತಿಸುವುದೇ ಇಲ್ಲ. ದುಡಿದ ಕೈಯನ್ನೇ ಅದು ಒಲ್ಲೆನ್ನುತ್ತದೆ. ಹಾಗೆಂದು ಬರಿಗೈಯಲ್ಲಿ ವಾಪಸು ಬರಬೇಕಾಗಿಲ್ಲ. ಬೇರೆ ಬೆರಳು ಇಡೋಣ, ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರನ್ನು ಕಳಿಸೋಣ, ಫೋನಿಗೆ ಒಟಿಪಿ ಕಳಿಸಿರೆಂದು ಕೇಳೋಣ.

ಆಧಾರ್ ನಂಬರಿಗೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಾಗ ಮಾತ್ರ ಎಚ್ಚರ. "ಹಿಡಿಯಲಿಲ್ಲ, ಇನ್ನೊಮ್ಮೆ ಒತ್ತಮ್ಮ" ಎಂದರೆ ಮೊದಲಿನದರ ಚೀಟಿ ಕೇಳಬೇಕು. ಎರಡು ಸಲ ಒತ್ತಿದರೆ ಎರಡು ಸಲ ಹಣ ಹೋಗಿರಲೂಬಹುದು. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ. ನಾವೋ ಕನ್ನಡ ಓದುವವರು. ಅದನ್ನು ಮನೆಯ ಮಕ್ಕಳಿಂದ ಅಂದೇ ಓದಿಸಿಕೊಳ್ಳೋಣ, ದಾರಿಹೋಕರಿಂದಲ್ಲ.

ಇನ್ನು ಪಿನ್. ಹಣ ಕೊಡುವುದಕ್ಕೆ ಪಿನ್ ಬೇಕು, ಪಡೆಯುವುದಕ್ಕೆ ಬೇಡವೇ ಬೇಡ. "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಎನ್ನುವವನು ಕಳ್ಳನೇ. ಮೋಸ ಹೋದರೆ ನಾಚಿಕೊಂಡು ಸುಮ್ಮನಿರದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಎಸ್ಟೇಟಿನ ಪಿ.ಎಫ್. ಇರುವವರು ಹಳೆಯ ಸಿಮ್ ಎಸೆಯುವ ಮುಂಚೆ ಹೊಸ ನಂಬರನ್ನು ಆಧಾರಿಗೂ ಬ್ಯಾಂಕಿಗೂ ಪಿ.ಎಫ್. ಖಾತೆಗೂ ಸೇರಿಸಿಕೊಳ್ಳಿರಿ. ಒಟಿಪಿ ಬರುವುದು ಅಲ್ಲಿ ಬರೆಸಿದ ನಂಬರಿಗೇ.