ನಮ್ಮ ಓಣಿಗೆ ಬರುವ ವಿದ್ಯಾರ್ಥಿಗಳು
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಮಾಜಕಾರ್ಯ ಕಲಿಯುವ ಹುಡುಗ ಹುಡುಗಿಯರು ನೋಟುಬುಕ್ಕು ಹಿಡಿದು ನಮ್ಮ ಓಣಿಗಳಿಗೆ ಬರುತ್ತಾರೆ. ಮನೆಯಲ್ಲಿ ಎಷ್ಟು ಜನ, ಪಗಾರ ಎಷ್ಟು ಎಂದು ಕೇಳುತ್ತಾರೆ. ನೀವು ರೇಷನ್ ಕಾರ್ಡಿನವರೆಂದು ತಿಳಿದು ಏನೋ ಒಂದು ಹೇಳಿ ಕಳಿಸುತ್ತೀರಿ. ಅವರು ಅದನ್ನೇ ಬರೆದುಕೊಂಡು ಹೋಗುತ್ತಾರೆ. ಇದರಲ್ಲಿ ಅವರಿಗೆ ಲಾಭವಿಲ್ಲ, ನಮಗಂತೂ ನಷ್ಟವುಂಟು.

ಈ ವಿದ್ಯೆ ನಮ್ಮ ದೇಶದಲ್ಲಿ ಓಣಿಯಲ್ಲೇ ಬೇರೂರಿದ್ದು. ಮುಂಬಯಿಯ ನಾಗಪಾಡಾದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಪಾದ್ರಿ ಬಡವರ ನಡುವೆ ನೆರೆಹೊರೆಯ ಕೇಂದ್ರ ನಡೆಸುತ್ತಿದ್ದರು. ಆ ಕೆಲಸದಿಂದಲೇ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಎದ್ದಿತು. ಹಣ ಟಾಟಾ ಧರ್ಮನಿಧಿಯದು. ಆ ಹಣಕ್ಕೆ ಬೆವರು ಸುರಿಸಿದವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ನಾಡಿನಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಆರಂಭವಾಯಿತು.

ಮೊದಲ ವರ್ಷದವರ ಕಷ್ಟವೇನು? ಮೇರಿ ರಿಚ್ಮಂಡ್ ಎಂಬಾಕೆ 1917ರಲ್ಲಿ ಅಮೆರಿಕದ ಸಂಸಾರಗಳನ್ನು ಕಂಡು ಬರೆದ ಮಾತುಗಳನ್ನು ಅವರು ಇಲ್ಲಿ ಕುಳಿತು ಓದಬೇಕು. ಮಾತು ಒಳ್ಳೆಯದೇ, ಆದರೆ ಸಂಸಾರದ ಗುರುತು ಸಿಕ್ಕದು. ಗುರುತು ಸಿಕ್ಕದ್ದು ಬಾಯಿಪಾಠವಾಗುತ್ತದೆ. ಮಾಸ್ತರಿಕೆ ಮಾಡಿದವನಾದ್ದರಿಂದ ಹೇಳುತ್ತೇನೆ, ಬಾಯಿಪಾಠ ಮಾಡುವವರೆಲ್ಲ ದಡ್ಡರಲ್ಲ. ಅವರ ಕೈಗೆ ಹಿಡಿಯಲು ಏನೂ ಕೊಟ್ಟಿರುವುದಿಲ್ಲ.

ಕೊಡಲು ನಮ್ಮಲ್ಲಿ ಬೇಕಾದಷ್ಟಿದೆ. ಕಿರಾಣಿ ಅಂಗಡಿಯವರೇ, ನಿಮ್ಮ ಉದ್ರಿ ಪುಸ್ತಕಕ್ಕಿಂತ ದೊಡ್ಡ ಪಠ್ಯ ಯಾವುದು? ಹೆಸರು ಮುಚ್ಚಿ ಒಂದು ಪುಟ ತೋರಿಸಿರಿ. ಪಗಾರದ ವಾರ ಅಕ್ಕಿ, ಎಣ್ಣೆ, ಬೆಲ್ಲ; ತಿಂಗಳ ಕೊನೆಗೆ ಬರೇ ಉಪ್ಪು, ಚಹಾಪುಡಿ. ನಡುವೆ ಒಂದು ವಾರ ಏನೂ ಇಲ್ಲದಿದ್ದರೆ, ಆ ವಾರ ಆ ಮನೆಯಲ್ಲಿ ಏನು ನಡೆಯಿತೆಂದು ಹುಡುಗಿ ಕೇಳಲಿ. ಜಡ್ಡೇ, ಲೇ-ಆಫೇ, ಕುಡಿತವೇ? ಅಲ್ಲಿಂದ ಅವಳ ಓದು ಶುರು. ಗಿರಣಿಯವರೇ, ಬೆಳಿಗ್ಗೆ ಹನ್ನೊಂದಕ್ಕೆ ಬರಬೇಡಿರೆಂದು ಅವರಿಗೆ ತಿಳಿಸಿರಿ. ರಾತ್ರಿಪಾಳಿಯವನು ಒಂದೇ ಕೋಣೆಯಲ್ಲಿ ಮಲಗಿದ್ದಾಗ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾಳೆ. ಅದನ್ನು ಕಂಡವರಿಗೆ ಪಾಳಿ ಎಂದರೇನೆಂದು ಬೇರೆ ಪಾಠ ಬೇಡ.

ನಮಗೇಕೆ ಈ ಉಸಾಬರಿ ಎನ್ನುವವರಿದ್ದೀರಿ. 1948ರ ಕಾರ್ಖಾನೆ ಕಾಯಿದೆ 500 ಮಂದಿ ದುಡಿಯುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತು. 2020ರ ಸಂಹಿತೆ ಅದನ್ನು 250ಕ್ಕೆ ಇಳಿಸಿತು. ಆ ಕುರ್ಚಿಯಲ್ಲಿ ಕೂಡುವವರು ಇವರಲ್ಲೇ ಕೆಲವರು. ಸಂಬಳ ಮಾಲೀಕನದು, ಹೆಸರು ಕಾರ್ಮಿಕರ ಕಲ್ಯಾಣದ್ದು. ನಿಮ್ಮ ಅರ್ಜಿ ಮೇಜಿಗೆ ಬಂದಾಗ ಅವರಿಗೆ ಕಟ್ಟೆಯ ಮೇಲಿನ ಆ ತಾಯಿ ನೆನಪಾಗಬೇಕೋ ಬೇಡವೋ?

ಆದ್ದರಿಂದ ಮುಂದಿನ ಸಲ ಬಂದಾಗ ಚಾಪೆ ಹಾಕಿರಿ, ನಿಜ ಹೇಳಿರಿ. ಬರೆದದ್ದನ್ನು ಕನ್ನಡದಲ್ಲಿ ಓದಿಸಿ ಕೇಳಿರಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿರಿ.