ಪಾಡ್‌ಕಾಸ್ಟ್: ಕಾರು ತಾನಾಗೇ ಲಾಕ್ ಆದಾಗ ಒಳಗಿದ್ದದ್ದು ನನ್ನ ಅಕ್ಕನ ಮಗು

ಇವತ್ತು ಒಂದು ಸಣ್ಣ ಸದ್ದಿನ ಬಗ್ಗೆ ಮಾತಾಡ್ತೀನಿ. ‘ಟಕ್’. ಕಾರಿನ ಡೋರ್ ಲಾಕ್ ಆಗೋವಾಗ ಬರುತ್ತಲ್ಲ, ಅದೇ.

ನನ್ನದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಹನ್ನೊಂದು ವರ್ಷದ ಗಾಡಿ. ಸೆಂಟ್ರಲ್ ಲಾಕಿಂಗ್ ಕಂಪನಿಯಿಂದ ಬಂದಿದ್ದಲ್ಲ, ಹಳೇ ಮಾಲೀಕರು ಹೊರಗೆ ಹಾಕಿಸಿದ್ದು. ಏಪ್ರಿಲ್‌ನಲ್ಲಿ ಅದು ತಲೆಹರಟೆ ಶುರು ಮಾಡಿತು. ಒಮ್ಮೆ ರಿಮೋಟ್ ಒತ್ತಿದರೂ ಸುಮ್ಮನಿರೋದು, ಇನ್ನೊಮ್ಮೆ ಯಾರೂ ಮುಟ್ಟದೆ ನಾಲ್ಕೂ ಡೋರ್ ಟಕ್ ಅನ್ನೋದು. ಒಂದು ಅಂಗಡಿಯಲ್ಲಿ ತೋರಿಸಿದೆ. ಅವರು ಡೋರ್ ತೆಗೆದೂ ನೋಡಲಿಲ್ಲ. ‘ಪೂರ್ತಿ ಕಿಟ್ ಬದಲಾಯಿಸಬೇಕು ಸರ್’ ಅಂದುಬಿಟ್ಟರು. ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟೆ. ಲಾಕ್ ತಾನೇ, ಬ್ರೇಕ್ ಅಲ್ವಲ್ಲ ಅಂದುಕೊಂಡೆ.

ಮೇ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿಂದ ದಾವಣಗೆರೆಗೆ ಹೊರಟಿದ್ವಿ. ನಾನು, ಅಕ್ಕ, ಅವಳ ಎರಡು ವರ್ಷದ ಮಗಳು. ಹಿರಿಯೂರು ದಾಟಿದ ಮೇಲೆ ಎಳನೀರಿಗೆ ಗಾಡಿ ನಿಲ್ಲಿಸಿದೆ. ಮಗು ನನ್ನ ಸೀಟಿನ ಹಿಂದೆ, ಚೈಲ್ಡ್ ಸೀಟಲ್ಲಿ ಬೆಲ್ಟ್ ಹಾಕಿಸಿಕೊಂಡು ಕೂತಿತ್ತು. ಅಕ್ಕ ಇಳಿದು ತನ್ನ ಡೋರ್ ಹಾಕಿದಳು. ನಾನು ಎಂಜಿನ್ ಆಫ್ ಮಾಡಿ, ಕೀ ಅಲ್ಲೇ ಬಿಟ್ಟು, ಇಳಿದು ನನ್ನ ಡೋರ್ ಹಾಕಿದೆ.

ಟಕ್.

ಹ್ಯಾಂಡಲ್ ಎಳೆದೆ, ಬರಲಿಲ್ಲ. ನಾಲ್ಕೂ ಡೋರ್ ಲಾಕ್. ಗಾಜು ಪೂರ್ತಿ ಏರಿಸಿತ್ತು. ಕೀ, ರಿಮೋಟ್ ಎರಡೂ ಒಳಗೆ. ಡುಪ್ಲಿಕೇಟ್ ಕೀ ದಾವಣಗೆರೆಯ ಮನೆಯ ಬೀರುವಿನಲ್ಲಿ. ಮಗು ಮೊದಲು ನಮ್ಮನ್ನು ನೋಡಿ ನಕ್ಕಿತು, ಆಟ ಅಂದುಕೊಂಡಿತು. ಆಮೇಲೆ ಅಕ್ಕನ ಮುಖ ನೋಡಿ ಅಳೋಕೆ ಶುರು ಮಾಡಿತು.

ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಹುದು. ದೊಡ್ಡವರಿಗಿಂತ ಮಕ್ಕಳ ಮೈ ಬಹಳ ಬೇಗ ಬಿಸಿಯಾಗುತ್ತೆ. ಇದು ಆಗ ನನಗೆ ಗೊತ್ತಿರಲಿಲ್ಲ. ಮಗುವಿನ ಕೂದಲು ಹಣೆಗೆ ಅಂಟಿಕೊಂಡಿದ್ದು ಮಾತ್ರ ಕಾಣ್ತಾ ಇತ್ತು. ಕಲ್ಲು ತಗೊಂಡು ಎಡಗಡೆ ಮುಂದಿನ ಗಾಜಿನ ನಡುವೆ ಹೊಡೆದೆ. ಕಲ್ಲೇ ವಾಪಸ್ ಬಂತು. ಎಳನೀರಿನವರು ನನ್ನನ್ನು ಪಕ್ಕಕ್ಕೆ ಸರಿಸಿ, ಮಚ್ಚಿನ ಹಿಂಬದಿಯಿಂದ ಗಾಜಿನ ಕೆಳಮೂಲೆಗೆ ಒಂದೇ ಏಟು ಕೊಟ್ಟರು. ಗಾಜು ಸಕ್ಕರೆ ಹರಳಿನ ಹಾಗೆ ಉದುರಿತು. ಮಗು ಅಕ್ಕನ ತೋಳಿಗೆ ಬಂತು. ಬೆವರಲ್ಲಿ ತೊಯ್ದಿತ್ತು, ಅಷ್ಟೇ. ಏನೂ ಆಗಲಿಲ್ಲ.

ಅಕ್ಕ ಊರು ತಲುಪೋವರೆಗೂ ಒಂದು ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮರುದಿನ ನಮ್ಮ ಬೀದಿಯ ತುದಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು. ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: ‘ಪಾರ್ಟ್ ಬದಲಾಯಿಸೋ ಮೊದಲು ವೈರ್ ಎಲ್ಲಿ ಬಾಗುತ್ತೆ ಅಂತ ನೋಡಪ್ಪಾ.’ ಅವರು ಸ್ಟೂಲ್ ಮೇಲೆ ಕೂತರು, ಕೆಲಸ ನನ್ನ ಕೈಲೇ ಮಾಡಿಸಿದರು.

ಮೊದಲು ಈ ಲಾಕ್ ಕೆಲಸ ಮಾಡೋದು ಹೇಗೆ ಅಂತ ಹೇಳ್ತೀನಿ, ಬಹಳ ಸುಲಭ. ಪ್ರತಿ ಡೋರ್ ಒಳಗೂ ಆಕ್ಚುಯೇಟರ್ ಅಂತ ಒಂದು ಪುಟ್ಟ ಮೋಟರ್ ಇರುತ್ತೆ. ಅದಕ್ಕೆ ಎರಡು ವೈರ್. 12 ವೋಲ್ಟ್ ಒಂದು ದಿಕ್ಕಿಂದ ಕೊಟ್ಟರೆ ಲಾಕ್, ಉಲ್ಟಾ ಕೊಟ್ಟರೆ ಅನ್‌ಲಾಕ್. ಹೊರಗೆ ಹಾಕಿಸೋ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಡೋರಿನ ಮೋಟರ್‌ಗೆ ಐದು ವೈರ್ ಇರುತ್ತೆ. ಎರಡು ಮೋಟರ್‌ಗೆ, ಮೂರು ಸ್ವಿಚ್‌ಗೆ. ಆ ಸ್ವಿಚ್ ‘ನಾನು ಲಾಕ್ ಆದೆ’ ಅಂತ ಕಂಟ್ರೋಲ್ ಬಾಕ್ಸ್‌ಗೆ ಹೇಳುತ್ತೆ, ಬಾಕ್ಸ್ ಉಳಿದ ಮೂರಕ್ಕೆ ಹೇಳುತ್ತೆ.

ಅದಕ್ಕೇ ತೊಂದರೆಯ ಲಕ್ಷಣ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ನಾಲ್ಕೂ ಡೋರ್ ಸತ್ತಿದ್ದರೆ ಮೊದಲು ಫ್ಯೂಸ್, ಆಮೇಲೆ ಗಾಡಿಯ ಬ್ಯಾಟರಿ ನೋಡಿ. ಕೀಯಲ್ಲಿ ಕೆಲಸ ಮಾಡುತ್ತೆ, ರಿಮೋಟಲ್ಲಿ ಇಲ್ಲ ಅಂದರೆ ರಿಮೋಟಿನ ಸೆಲ್. ಎಷ್ಟೋ ರಿಮೋಟ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಒಂದೇ ಡೋರ್ ಕೆಲಸ ಮಾಡ್ತಿಲ್ಲ ಅಂದರೆ ಆ ಡೋರಿನ ಮೋಟರ್ ಅಥವಾ ಅದರ ವೈರ್. ತಾನಾಗೇ ಲಾಕ್ ಆಗ್ತಾ ಇದ್ದರೆ? ಡ್ರೈವರ್ ಡೋರಿನ ಸ್ವಿಚ್ ವೈರ್ ಮೇಲೆ ಅನುಮಾನ ಪಡಿ.

ನನ್ನದು ಈ ಕೊನೇದು. ಡೋರ್ ಮತ್ತು ಬಾಡಿ ನಡುವೆ, ಹಿಂಜ್ ಹತ್ತಿರ, ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತೆ. ವೈರ್ ಎಲ್ಲಾ ಅದರೊಳಗೇ ಹೋಗೋದು. ಡೋರ್ ತೆರೆದು, ಆ ರಬ್ಬರನ್ನು ಕೈಯಲ್ಲಿ ಹಿಡಿದು ಆಚೆ ಈಚೆ ಬಾಗಿಸಿದೆ. ಟಕ್, ಟಕ್, ಟಕ್. ಅದೇ ಸದ್ದು! ನನ್ನ ಕೈ ನಡುಗಿತು.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ರಬ್ಬರ್ ಸರಿಸಿ ನೋಡಿದ್ವಿ. ಹನ್ನೊಂದು ವರ್ಷ ಡೋರ್ ತೆಗೆದು ಹಾಕಿ, ಒಂದು ವೈರ್ ಒಳಗೇ ತುಂಡಾಗಿತ್ತು. ಇನ್ನೊಂದರ ಸಿಪ್ಪೆ ಸವೆದು ತಾಮ್ರ ಹೊರಗೆ ಬಂದಿತ್ತು. ಆ ತಾಮ್ರ ಕಾರಿನ ಬಾಡಿಗೆ ತಾಗಿದ ತಕ್ಷಣ ಬಾಕ್ಸ್‌ಗೆ ‘ಲಾಕ್ ಮಾಡು’ ಅಂತ ಸಿಗ್ನಲ್ ಹೋಗ್ತಿತ್ತು. ಅವತ್ತು ನಾನು ಡೋರ್ ಹಾಕಿದಾಗ ಆಗಿದ್ದು ಇದೇ.

ರಿಪೇರಿಯಲ್ಲಿ ಒಂದು ಮುಖ್ಯ ವಿಷಯ ಇದೆ. ತುಂಡಾದ ಜಾಗದಲ್ಲೇ ತಿರುಚಿ ಟೇಪ್ ಸುತ್ತಬೇಡಿ. ಬಾಗೋ ಜಾಗದಲ್ಲಿ ಜಾಯಿಂಟ್ ಇದ್ದರೆ ಮತ್ತೆ ಅಲ್ಲೇ ಮುರಿಯುತ್ತೆ. ಕೆಟ್ಟ ಭಾಗ ಪೂರ್ತಿ ಕತ್ತರಿಸಿ, ಸಣ್ಣ ಎಳೆಗಳಿರೋ ಮೆದು ವೈರ್ ಹಾಕಿ. ಒಂದು ಜಾಯಿಂಟ್ ಡೋರ್ ಒಳಗೆ, ಇನ್ನೊಂದು ಬಾಡಿ ಒಳಗೆ ಬರಲಿ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ವೈರ್ ಸ್ವಲ್ಪ ಸಡಿಲ ಬಿಡಿ. ಆಮೇಲೆ ಮಲ್ಟಿಮೀಟರಲ್ಲಿ ಬೀಪ್ ಬರುತ್ತಾ ನೋಡಿ. ಡೋರ್ ಪ್ಯಾಡ್ ಬಿಚ್ಚಿದರೆ ಹಿಂದಿರೋ ಪ್ಲಾಸ್ಟಿಕ್ ಶೀಟನ್ನು ಮೊದಲಿನ ಹಾಗೆ ಅಂಟಿಸಿ, ಇಲ್ಲಾಂದ್ರೆ ಮಳೆ ನೀರು ಒಳಗೆ ಬರುತ್ತೆ. ಹಳದಿ ಕನೆಕ್ಟರ್ ಕಂಡರೆ ಮುಟ್ಟಲೇಬೇಡಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ವಾರಂಟಿ ಇರೋ ಗಾಡಿ ಆದರೆ ಸರ್ವಿಸ್ ಸೆಂಟರ್‌ಗೇ ಕೊಡಿ.

ನಮಗೆ ಹಿಡಿದಿದ್ದು ಒಂದು ಗೇಣು ವೈರ್, ಎರಡು ಗಂಟೆ. ಕಿಟ್ ಬೇಕಾಗಲೇ ಇಲ್ಲ. ಒಡೆದ ಗಾಜಿಗೆ ಮಾತ್ರ ಅದರ ಎಷ್ಟೋ ಪಟ್ಟು ಖರ್ಚಾಯಿತು.

ದುಡ್ಡಿನ ವಿಷಯ ಬಿಡಿ. ನನ್ನನ್ನು ಈಗಲೂ ಚುಚ್ಚೋದು ಬೇರೆ. ಆ ಕಾರು ಒಂದು ತಿಂಗಳಿಂದ ನನಗೆ ಹೇಳ್ತಾನೇ ಇತ್ತು. ಕಿಟ್ ದುಬಾರಿ ಅಂತ ನಾನು ಮುಂದೂಡಲಿಲ್ಲ, ಯಾಕೆ ಹೀಗಾಗ್ತಿದೆ ಅಂತ ಕೇಳೋಕೆ ಸೋಮಾರಿತನ ಮಾಡಿದೆ. ಬ್ರೇಕ್ ಸದ್ದು ಮಾಡಿದರೆ ಹೆದರ್ತೀವಿ. ಆದರೆ ಬಾಗಿಲು ತೆರೆಯದಿದ್ದರೆ ಅದೂ ಅಷ್ಟೇ ಅಪಾಯ.

ಈಗ ನನ್ನ ಅಭ್ಯಾಸ ಇಷ್ಟು. ಕೀ ಜೇಬಿಗೆ ಬಂದ ಮೇಲೇ ಡೋರ್ ಹಾಕೋದು. ದೂರದ ಪ್ರಯಾಣಕ್ಕೆ ಡುಪ್ಲಿಕೇಟ್ ಕೀ ಜೊತೆಗಿರೋ ಇನ್ನೊಬ್ಬರ ಹತ್ತಿರ. ಮಗು ಒಳಗಿದ್ದರೆ ಒಬ್ಬರು ಒಳಗೇ ಇರೋದು. ಹಾಗೂ ಸಿಕ್ಕಿಹಾಕಿಕೊಂಡರೆ 112ಕ್ಕೆ ಫೋನ್ ಮಾಡಿ. ಬಿಸಿಲಿದ್ದರೆ, ಮಗುವಿಗೆ ದೂರದ ಗಾಜು ಆರಿಸಿ ಮೂಲೆಗೆ ಹೊಡೆಯಿರಿ. ಗಾಜಿಗೆ ಯೋಚನೆ ಮಾಡಬೇಡಿ.

ಕಳೆದ ವಾರ ಅಕ್ಕ ಮಗಳ ಜೊತೆ ಮತ್ತೆ ನನ್ನ ಕಾರು ಹತ್ತಿದಳು. ಕೂರೋ ಮೊದಲು ಒಂದೇ ಪ್ರಶ್ನೆ: ‘ಕೀ ಎಲ್ಲಿದೆ?’ ಜೇಬಿಂದ ತೆಗೆದು ತೋರಿಸಿದೆ. ಆಮೇಲೆ ಕೂತಳು.

ನಿಮ್ಮ ಗಾಡಿಯೂ ಏನಾದರೂ ಹೇಳ್ತಾ ಇದ್ದರೆ, ಈ ಭಾನುವಾರ ಹತ್ತು ನಿಮಿಷ ಕೊಟ್ಟು ಕೇಳಿ.